ನಡುನೆತ್ತಿಯ ಸೂರ್ಯನಿಗೆ ಒಂದು ಚಪ್ಪರ

ಏಪ್ರಿಲ್ 26ರ ಆಸುಪಾಸಿನ ದಿನಗಳಲ್ಲಿ ಕಡೂರಿನ ಯಾವ ಹಿತ್ತಲಿನಲ್ಲಾದರೂ ಒಂದು ಕಂಬವನ್ನು ತೂಕದ ಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12 ಗಂಟೆ 24 ನಿಮಿಷದ ಹೊತ್ತಿಗೆ ಅದರ ನೆರಳು ಬುಡದೊಳಗೇ ಅಡಗಿಬಿಡುತ್ತದೆ. ಕಡೂರು ಭೂಮಧ್ಯರೇಖೆಯಿಂದ ಸುಮಾರು 13.5 ಡಿಗ್ರಿ ಉತ್ತರಕ್ಕಿದೆ. ತರೀಕೆರೆ, ಅಜ್ಜಂಪುರ ಇನ್ನೊಂದು ಚೂರು ಮೇಲೆ, 13.7ರ ಹತ್ತಿರ. ಉತ್ತರಕ್ಕೆ ಸರಿಯುತ್ತಾ ಬರುವ ಸೂರ್ಯ ಆ ದಿನ ಸರಿಯಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತಾನೆ. ಗಡಿಯಾರದಲ್ಲಿ ಹನ್ನೆರಡು ಹೊಡೆದ ಮೇಲೂ ಇಪ್ಪತ್ತನಾಲ್ಕು ನಿಮಿಷ ಕಾಯಬೇಕಾದ್ದು ಏಕೆಂದರೆ ನಮ್ಮ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಕಡೂರು ಇರುವುದು 76ರಲ್ಲಿ. ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷದ ತಡ.

ಹಿತ್ತಲಿನಲ್ಲಿ ನೆರಳಿಗೊಂದು ಚಪ್ಪರ ಹಾಕಬೇಕೆನ್ನುವವರು ಸಾಮಾನ್ಯವಾಗಿ ಮರ ಯಾವುದು, ಖರ್ಚೆಷ್ಟು ಎಂಬಲ್ಲಿಂದ ಶುರುಮಾಡುತ್ತಾರೆ. ಶುರುಮಾಡಬೇಕಾದ್ದು ಸೂರ್ಯ ಎಲ್ಲಿದ್ದಾನೆ ಎಂಬಲ್ಲಿಂದ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ತಲೆಯಿಂದ ಉತ್ತರಕ್ಕಿರುತ್ತಾನೆ. ಜೂನ್ 21ರಂದು ಅವನು ನೆತ್ತಿಯಿಂದ ಹತ್ತು ಡಿಗ್ರಿ ಉತ್ತರದಲ್ಲಿರುತ್ತಾನೆ. ಡಿಸೆಂಬರ್ 21ರಂದು ದಕ್ಷಿಣಕ್ಕೆ ವಾಲಿ, ದಿಗಂತದಿಂದ 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಬಿಸಿಲು ಸುಡುವ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ನಡುಹಗಲಿನ ಬಿಸಿಲು ನೇರ ಮೇಲಿಂದ ಇಳಿಯುತ್ತದೆ. ಮಿಕ್ಕ ಹೊತ್ತಿನಲ್ಲಿ ಪೂರ್ವ, ಪಶ್ಚಿಮಗಳಿಂದ ಬರುತ್ತದೆ. ದಕ್ಷಿಣದಿಂದ ಬರುವುದು ತೀರ ಕಡಿಮೆ.

ಈಗ ಪೇಟೆಯ ಹೊಸ ಮನೆಗಳಲ್ಲಿ ಕಾಣುವ ಪರ್ಗೋಲಾವನ್ನು ನೋಡೋಣ. ನಾಲ್ಕು ಕಂಬ, ಮೇಲೆ ಸಾಲಾಗಿ ನಿಲ್ಲಿಸಿದ ಮರದ ಅಥವಾ ಕಬ್ಬಿಣದ ಪಟ್ಟಿಗಳು, ನಡುನಡುವೆ ತೆರವು. ಇದು ಹುಟ್ಟಿದ್ದು ಇಟಲಿಯ ತೋಟಗಳಲ್ಲಿ, ಬೆಳೆದದ್ದು ಯುರೋಪಿನಲ್ಲಿ. ಲಂಡನ್ನಿನ ಸೂರ್ಯ ಜೂನ್‌ನಲ್ಲಿ ಕೂಡ ಮಧ್ಯಾಹ್ನ 62 ಡಿಗ್ರಿಗಿಂತ ಮೇಲೇರುವುದಿಲ್ಲ. ವರ್ಷವಿಡೀ ಅವನು ದಕ್ಷಿಣದಲ್ಲೇ ಇರುತ್ತಾನೆ. ಹಾಗಾಗಿ ಪೂರ್ವ–ಪಶ್ಚಿಮವಾಗಿ ಪಟ್ಟಿ ಜೋಡಿಸಿದರೆ ಓರೆಯಾಗಿ ಬರುವ ಬಿಸಿಲಿಗೆ ಪ್ರತಿ ಪಟ್ಟಿಯೂ ತನ್ನ ಅಗಲಕ್ಕಿಂತ ದೊಡ್ಡ ನೆರಳು ಬೀಳಿಸುತ್ತದೆ. ಅದೇ ಚೌಕಟ್ಟನ್ನು ಕಡೂರಿಗೆ ತಂದರೆ ಏಪ್ರಿಲ್ ಕೊನೆಯ ಮಧ್ಯಾಹ್ನ ಪಟ್ಟಿಯ ದಪ್ಪವೆಷ್ಟೋ ಅಷ್ಟೇ ನೆರಳು, ಮಿಕ್ಕದ್ದೆಲ್ಲ ಬಿಸಿಲು. ಮಧ್ಯಾಹ್ನದ ನಂತರವೂ ಸೂರ್ಯ ಆ ಪಟ್ಟಿಗಳ ಉದ್ದಕ್ಕೇ ಪಶ್ಚಿಮಕ್ಕೆ ಇಳಿಯುವುದರಿಂದ ಸಂಜೆಯವರೆಗೂ ತೆರವುಗಳಿಂದ ಬಿಸಿಲು ನುಗ್ಗುತ್ತಲೇ ಇರುತ್ತದೆ.

ಪಟ್ಟಿಯ ಚಪ್ಪರವೇ ಬೇಕೆನ್ನುವವರು ಪಟ್ಟಿಗಳನ್ನು ಉತ್ತರ–ದಕ್ಷಿಣವಾಗಿ ಹಾಕಬೇಕು. ಹದಿನೈದು ಸೆಂಟಿಮೀಟರ್ ಎತ್ತರದ ಪಟ್ಟಿಗಳನ್ನು ಹದಿನೈದು ಸೆಂಟಿಮೀಟರ್‌ಗೊಂದರಂತೆ ನಿಲ್ಲಿಸಿದ್ದೀರೆಂದುಕೊಳ್ಳಿ. ಒಂದೂವರೆ ಗಂಟೆಯ ಸುಮಾರಿಗೆ ಸೂರ್ಯ 75 ಡಿಗ್ರಿ ಎತ್ತರದಲ್ಲಿರುತ್ತಾನೆ, ಪ್ರತಿ ಪಟ್ಟಿಯ ನೆರಳು ನಾಲ್ಕು ಸೆಂಟಿಮೀಟರ್ ಮಾತ್ರ. ಮೂರೂವರೆಗೆ ಅವನು 46 ಡಿಗ್ರಿಗೆ ಇಳಿದಿರುತ್ತಾನೆ, ನೆರಳು ಹದಿನಾಲ್ಕು ಸೆಂಟಿಮೀಟರ್ ಆಗಿ ತೆರವನ್ನು ಬಹುತೇಕ ಮುಚ್ಚುತ್ತದೆ. ಸಂಜೆಗೆ ಇದು ಒಳ್ಳೆಯ ಏರ್ಪಾಡು. ಆದರೆ ಹನ್ನೊಂದರಿಂದ ಎರಡರವರೆಗಿನ ಬಿಸಿಲಿಗೆ ಪಟ್ಟಿಗಳಲ್ಲಿ ಉತ್ತರವಿಲ್ಲ, ಯಾವ ದಿಕ್ಕಿಗೆ ಹಾಕಿದರೂ ಇಲ್ಲ. ಅದಕ್ಕೆ ಮೇಲೆ ಹೊದಿಕೆಯೇ ಬೇಕು: ಗರಿ, ಸೋಗೆ ಅಥವಾ ಬಳ್ಳಿ. ನಮ್ಮ ಸೀಮೆಯವರು ಬರಿಯ ಗಳುಗಳ ಚೌಕಟ್ಟನ್ನು ನೆರಳೆಂದು ಎಂದೂ ಒಪ್ಪಿಕೊಂಡವರಲ್ಲ. ಕೋನ ಅಳೆಯದೆಯೇ ಅವರಿಗೆ ಈ ಸಂಗತಿ ಗೊತ್ತಿತ್ತು.

ಇನ್ನೊಂದು ಸಂಗತಿಯನ್ನು ಚಪ್ಪರ ಹಾಕಿಸುವವರಲ್ಲಿ ಬಹಳ ಮಂದಿ ಯೋಚಿಸುವುದೇ ಇಲ್ಲ. ಚಪ್ಪರದ ನೆರಳು ಚಪ್ಪರದ ಕೆಳಗೇ ಇರುತ್ತದೆ ಎಂದು ಅವರೆಣಿಸುತ್ತಾರೆ. ಎಂಟಡಿ ಎತ್ತರ, ಹತ್ತಡಿ ಅಗಲದ ಚಪ್ಪರದ ನೆರಳು ಮೂರೂವರೆ ಗಂಟೆಗೆ ನೆಲದ ಮೇಲೆ ಸುಮಾರು ಏಳೂವರೆ ಅಡಿ ಪೂರ್ವಕ್ಕೆ ಸರಿದಿರುತ್ತದೆ. ಕೆಳಗೆ ಉಳಿಯುವುದು ಎರಡೂವರೆ ಅಡಿಯ ಪಟ್ಟಿ. ನಾಲ್ಕು ಗಂಟೆ ದಾಟುವ ಹೊತ್ತಿಗೆ ಅದೂ ಇಲ್ಲ. ದುಡ್ಡು ಸುರಿದು ಕಟ್ಟಿಸಿದ ಚಪ್ಪರದ ಕೆಳಗೆ ಬಿಸಿಲು, ಅದರ ಪಕ್ಕದ ಖಾಲಿ ಜಾಗದಲ್ಲಿ ನೆರಳು. ಆದ್ದರಿಂದ ಸಂಜೆ ಕೂರುವ ಜಾಗ ಯಾವುದೋ ಅದರ ಪಶ್ಚಿಮಕ್ಕೆ ಚಪ್ಪರ ಬರಬೇಕು. ಮನೆಯ ಪಶ್ಚಿಮದ ಗೋಡೆಗೆ ಒತ್ತಿ ಹಾಕಿದರೆ ಇನ್ನೂ ಮೇಲು, ಸರಿಯುವ ನೆರಳು ಗೋಡೆಯ ಮೇಲೆ ಬಿದ್ದು ಒಳಗಿನ ಕೋಣೆಯನ್ನೂ ಕಾಯುತ್ತದೆ. ಜಾಗ ಬೇರೆಡೆಯೇ ಇದ್ದರೆ ಪಶ್ಚಿಮದ ಅಂಚನ್ನು ಆರಡಿಗೆ ತಗ್ಗಿಸಬೇಕು, ಇಲ್ಲವೇ ಆ ಕಡೆ ಒಂದು ತಟ್ಟಿ ಕಟ್ಟಬೇಕು. ತಟ್ಟಿ ಒತ್ತಾಗಿರಬಾರದು, ಗಾಳಿ ಆಡಬೇಕು.

ನೆರಳು ನಿಜವಾಗಿ ಮಾಡುವ ಕೆಲಸವೇನು? ಗಾಳಿಯನ್ನು ಅದು ಹೆಚ್ಚೇನೂ ತಣಿಸುವುದಿಲ್ಲ. ಸುತ್ತ ತೆರೆದ ಚಪ್ಪರದೊಳಗೂ ಹೊರಗೂ ಬೀಸುವುದು ಒಂದೇ ಗಾಳಿ. ಅದರ ಉಷ್ಣಾಂಶದಲ್ಲಿ ವ್ಯತ್ಯಾಸ ಸ್ವಲ್ಪವೇ. ಹವಾಮಾನ ಇಲಾಖೆ ಹೇಳುವ ಉಷ್ಣಾಂಶವೇ ನೆರಳಿನದು. ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 19ನೇ ಶತಮಾನದಲ್ಲಿ ರೂಪಿಸಿದ, ಬಿಳಿ ಬಣ್ಣ ಬಳಿದು ನಾಲ್ಕೂ ಕಡೆ ಜಾಲಂದರ ಬಿಟ್ಟ ಮರದ ಪೆಟ್ಟಿಗೆಯಲ್ಲಿ ಉಷ್ಣಮಾಪಕವನ್ನಿಟ್ಟು ಅದನ್ನು ಅಳೆಯುತ್ತಾರೆ. ಉಷ್ಣಮಾಪಕಕ್ಕೂ ಬಿಸಿಲು ತಾಗಬಾರದು, ಗಾಳಿ ತಾಗಬೇಕು. ಅಂದರೆ 36 ಡಿಗ್ರಿ ಎಂದು ಕೇಳಿದ ದಿನ ಬಿಸಿಲಲ್ಲಿ ನಿಂತವನ ಮೈಮೇಲೆ ಆ 36ರ ಜೊತೆಗೆ ಸೂರ್ಯನ ನೇರ ವಿಕಿರಣವೂ ಬೀಳುತ್ತಿರುತ್ತದೆ. ನಡುಹಗಲಿನಲ್ಲಿ ಒಂದು ಚದರ ಮೀಟರಿಗೆ ಅದು ಸುಮಾರು 1000 ವ್ಯಾಟ್. ಹತ್ತಡಿ ಉದ್ದ, ಹತ್ತಡಿ ಅಗಲದ ಚಪ್ಪರದ ಮೇಲೆ ಒಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟು ಶಾಖ. ಚಪ್ಪರ ತಡೆಯಬೇಕಾದ್ದು ಇದನ್ನು. ತಡೆದ ಶಾಖವನ್ನು ಅದು ಏನು ಮಾಡುತ್ತದೆ ಎಂಬುದರ ಮೇಲೆ ಒಳ್ಳೆಯ ಚಪ್ಪರ, ಕೆಟ್ಟ ಚಪ್ಪರ ನಿರ್ಧಾರವಾಗುತ್ತದೆ.

ತಗಡಿನ ಶೀಟು ಬಿಸಿಲನ್ನು ಪೂರ್ತಿ ತಡೆಯುತ್ತದೆ, ಆದರೆ ತಾನು ಕಾಯುತ್ತದೆ. ಬಣ್ಣ ಬಳಿದ ಅಥವಾ ತುಕ್ಕು ಹಿಡಿದ ಶೀಟು ಏಪ್ರಿಲ್ ಮಧ್ಯಾಹ್ನ 60 ಡಿಗ್ರಿ ಮುಟ್ಟಿತೆಂದರೆ ಅದರ ಅಡಿಮೈ ಪ್ರತಿ ಚದರ ಮೀಟರಿನಿಂದ 600 ವ್ಯಾಟ್‌ಗೂ ಮೀರಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಕೆಳಕ್ಕೆ ಸೂಸುತ್ತದೆ. ವಿಕಿರಣ ನಿರಪೇಕ್ಷ ಉಷ್ಣಾಂಶದ ನಾಲ್ಕನೇ ಘಾತದಂತೆ ಏರುವುದರಿಂದ, ಗಾಳಿಯಷ್ಟೇ ಬೆಚ್ಚಗಿರುವ ಗರಿಯ ಹೊದಿಕೆಗೂ ಇದಕ್ಕೂ ಚದರ ಮೀಟರಿಗೆ 150ರಿಂದ 190 ವ್ಯಾಟ್ ಅಂತರ ಬೀಳುತ್ತದೆ. ಸುಮ್ಮನೆ ಕುಳಿತ ಮನುಷ್ಯನ ಮೈ ಹೊರಹಾಕಬೇಕಾದ ಶಾಖವೇ ಸುಮಾರು 100 ವ್ಯಾಟ್ ಎಂಬುದನ್ನು ನೆನೆದರೆ, ಶೀಟಿನ ಕೆಳಗೆ ಕೂತಾಗ ತಲೆ ಕಾದಂತಾಗುವುದು ಏಕೆಂದು ತಿಳಿಯುತ್ತದೆ. ಹಸಿರು ಬಲೆ ಇದಕ್ಕಿಂತ ವಾಸಿ, ಗಾಳಿ ಅದನ್ನು ತೂರಿ ಹೋಗುತ್ತದೆ. ಆದರೆ ಐವತ್ತು ಪ್ರತಿಶತದ ಬಲೆ ಎಂದರೆ ಅರ್ಧ ಬಿಸಿಲು ಕೆಳಗಿಳಿಯಿತೆಂದೇ ಲೆಕ್ಕ. ಮನುಷ್ಯರು ಕೂರುವಲ್ಲಿಗೆ ಎಪ್ಪತ್ತೈದರದ್ದನ್ನೇ ಕೇಳಿ ತರಬೇಕು.

ಕಲ್ಲಿನ ನೆರಳಿನ ರೀತಿ ಬೇರೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯದ ತೆರೆದ ಮಂಟಪಕ್ಕೆ ಬಿರುಬೇಸಗೆಯಲ್ಲಿ ಹೋಗಿ ಕೂರಬೇಕು. ಸುತ್ತ ಗೋಡೆಯಿಲ್ಲ, ತಿರುಗಣಿಯಲ್ಲಿ ತಿರುವಿದ ಕಂಬಗಳು ನುಣ್ಣಗೆ ಹೊಳೆಯುತ್ತವೆ, ಗಾಳಿ ಅಡ್ಡಹಾಯುತ್ತದೆ. ಒಂದಡಿ ದಪ್ಪದ ಕಲ್ಲಿನ ಒಂದು ಮೈಗೆ ತಾಗಿದ ಶಾಖದ ಅಲೆ ಇನ್ನೊಂದು ಮೈಗೆ ತಲುಪಲು ಸುಮಾರು ಆರು ಗಂಟೆ ಬೇಕು, ತಲುಪುವಾಗ ಬಹಳಷ್ಟು ಸವೆದೂ ಇರುತ್ತದೆ. ಮಧ್ಯಾಹ್ನ ಸೂರಿನ ಕಲ್ಲು ಹಿಂದಿನ ರಾತ್ರಿಯ ತಂಪನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಹಿತ್ತಲಿನಲ್ಲಿ ಇದನ್ನು ಮಾಡಲಾಗದು. ಬಳಪದ ಕಲ್ಲಿನ ಬದಲಿಗೆ ನಮಗಿರುವುದು ಅಡಿಕೆ ಮತ್ತು ತೆಂಗು.

ಅಡಿಕೆಯ ಚಪ್ಪರವೆಂದರೆ ನನಗೆ ಪ್ರಾಣ. ತರೀಕೆರೆಯ ಮಲೆನಾಡ ಅಂಚಿನಿಂದ ತೀರ್ಥಹಳ್ಳಿ, ಸಾಗರದವರೆಗಿನ ಅಡಿಕೆ ಸೀಮೆಯಲ್ಲಿ ಮಳೆ ಹಿಂದೆ ಸರಿದು ಕೊಯ್ಲು ಹತ್ತಿರವಾದಾಗ ಅಂಗಳದ ಉದ್ದಕ್ಕೂ ಚಪ್ಪರ ಹಾಕುವುದು ವಾಡಿಕೆ. ಕೆಳಗೆ ಕುಳಿತವರು ಅಡಿಕೆ ಸುಲಿಯುತ್ತಾರೆ, ಬೇಯಿಸಿದ ಅಡಿಕೆ ಮೇಲೆ ಒಣಗುತ್ತದೆ. ಒಂದೇ ಬಿಸಿಲಿನಿಂದ ಎರಡು ಕೆಲಸ. ಒಲೆಯಿಂದ ತೆಗೆದು ಹರವಿದ ಹಸಿ ಅಡಿಕೆಯಿಂದ ನೀರು ಆವಿಯಾಗುವಾಗ ಬಿಸಿಲಿನ ಶಾಖದಲ್ಲಿ ದೊಡ್ಡ ಪಾಲನ್ನು ಅದೇ ಹೀರಿಕೊಳ್ಳುತ್ತದೆ, ಆ ಪಾಲು ಕೆಳಗೆ ಕುಳಿತವರನ್ನು ತಲುಪುವುದೇ ಇಲ್ಲ. ಇಷ್ಟು ಜಾಣ ಬಳಕೆಯನ್ನು ಯಾವ ವಾಸ್ತುಶಿಲ್ಪದ ಪುಸ್ತಕದಲ್ಲೂ ನಾನು ಕಂಡಿಲ್ಲ.

ಆ ಚಪ್ಪರದ ಮೈ ಅಡಿಕೆ ದಬ್ಬೆಯದು. ಬಿದ್ದ ಅಡಿಕೆ ಮರವನ್ನು ಸೀಳುವುದನ್ನು ಹತ್ತಿರ ನಿಂತು ನೋಡಬೇಕು. ಬುಡದ ತುದಿಗೆ ಕೊಡಲಿಯ ಬಾಯಿ ಕೂರಿಸಿ ಹಿಂದಿನಿಂದ ಒಂದು ಏಟು ಕೊಡುತ್ತಾರೆ. ಕೂದಲೆಳೆಯ ಬಿರುಕು ಬಿಡುತ್ತದೆ, ಅದಕ್ಕೆ ಮರದ ಬೆಣೆ ಹೊಡೆಯುತ್ತಾರೆ. ಬೆಣೆ ಮುಂದೆ ಸರಿದಂತೆ ಬಿರುಕು ಪಟಪಟನೆ ಸದ್ದು ಮಾಡುತ್ತಾ ಉದ್ದಕ್ಕೂ ನೇರ ಓಡುತ್ತದೆ, ಏಕೆಂದರೆ ಅದನ್ನು ತಡೆಯಲು ಗಂಟಿಲ್ಲ, ಕೊಂಬೆಯಿಲ್ಲ. ಸೀಳಿದ ತುಂಡಿನ ಕೊನೆಯನ್ನು ನೋಡಿದರೆ ಅಂಚಿನಲ್ಲಿ ಕಂದುಗಪ್ಪು ಚುಕ್ಕೆಗಳು ಒತ್ತೊತ್ತಾಗಿ ಕೂತಿರುತ್ತವೆ, ಒಳಗೆ ಹೋದಂತೆ ಅವು ವಿರಳವಾಗಿ ನಡುವೆ ಮೆತ್ತನೆಯ ಬಿಳಿ ತಿರುಳಷ್ಟೇ ಉಳಿಯುತ್ತದೆ. ಒಂದೊಂದು ಚುಕ್ಕೆಯೂ ನಾರು ಸುತ್ತಿಕೊಂಡ ನಾಳಗಳ ಕಂತೆ. ತೇಗ, ಬೀಟೆಯಂತೆ ಅಡಿಕೆ ವರ್ಷವರ್ಷ ಉಂಗುರ ಕಟ್ಟಿ ದಪ್ಪಗಾಗುವ ಮರವಲ್ಲ, ಅದು ಹುಲ್ಲಿನ ದೂರದ ನೆಂಟ. ತೆಳ್ಳಗೆ ಎತ್ತರಕ್ಕೆ ಬೆಳೆದು ಗಾಳಿಗೆ ಬಾಗಿ ಏಳಬೇಕಾದ ಕಾಂಡಕ್ಕೆ ಬಲ ಬೇಕಾದ್ದು ಹೊರಮೈಯಲ್ಲಿ, ಬಾಗುವಾಗ ಅತಿ ಹೆಚ್ಚು ಜಗ್ಗುವುದೂ ಅದುಮುವುದೂ ಅಲ್ಲೇ. ಸೀಳುವವರು ತಿರುಳನ್ನು ಕತ್ತಿಯಿಂದ ಕೆತ್ತಿ ಬಿಸಾಡಿ ಅಂಚಿನ ಗಟ್ಟಿ ಭಾಗವನ್ನು ಮಾತ್ರ ಇಟ್ಟುಕೊಳ್ಳುವುದು ಅದಕ್ಕೇ. ತಿರುಳಿಗೆ ಬಲವೂ ಇಲ್ಲ, ತೇವ ಹೀರಿ ಮೊದಲು ಕೊಳೆಯುವುದೂ ಅದೇ.

ದಬ್ಬೆಯನ್ನು ಮಲಗಿಸುವುದೋ ನಿಲ್ಲಿಸುವುದೋ ಎಂಬುದರಲ್ಲೂ ಲೆಕ್ಕವಿದೆ. ಅಡ್ಡಗಳುವಿನ ಎತ್ತರ ಎರಡರಷ್ಟಾದರೆ ಅದರ ಬಿಗಿ ಎಂಟರಷ್ಟಾಗುತ್ತದೆ. ಎರಡು ಕಂಬಗಳ ನಡುವಿನ ದೂರ ಎರಡರಷ್ಟಾದರೆ, ಅಡಿಗಿಷ್ಟು ಎಂಬ ಅದೇ ಭಾರಕ್ಕೆ ಗಳು ಹದಿನಾರು ಪಟ್ಟು ಜೋಲುತ್ತದೆ. ಹೀಗಾಗಿ ಭಾರ ಹೊರುವ ಗಳುಗಳಿಗೆ ಸೀಳದ ಇಡೀ ಮರ ಅಥವಾ ಬಿದಿರು, ಕಂಬಗಳ ನಡುವೆ ಆರೇಳು ಅಡಿ, ಮೇಲೆ ಒಂದೊಂದಡಿಗೆ ದಬ್ಬೆ. ಹತ್ತಡಿಯ ಹಿತ್ತಲ ಚಪ್ಪರಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಂಬ ಸಾಕೆಂದು ಹೊರಡುವವರು ಎರಡನೇ ವರ್ಷವೇ ನಡುವೆ ಊರೆಗೋಲು ಕೊಡಬೇಕಾಗುತ್ತದೆ. ಮೊದಲೇ ಒಂಬತ್ತು ಕಂಬ ನೆಡುವುದು ಲೇಸು.

ತರೀಕೆರೆಯಿಂದ ಕಡೂರಿನ ಕಡೆ ಬಂದಂತೆ ಮಳೆ ಇಳಿಯುತ್ತದೆ. ಬಾಬಾಬುಡನ್ ಗಿರಿಸಾಲು ಪಡುವಣದ ಮೋಡಗಳ ನೀರನ್ನು ಆಚೆ ಮಗ್ಗುಲಿನಲ್ಲೇ ಇಳಿಸಿಕೊಂಡು ಈಚೆಗೆ ಒಣ ಗಾಳಿ ಕಳಿಸುತ್ತದೆ. ಇಲ್ಲಿ ಹೊದಿಕೆ ತೆಂಗಿನ ಗರಿಯದು, ಜೊತೆಗೆ ಬಳ್ಳಿ. ಗರಿಯ ಎಲೆಗಳ ನಡುವೆ ನಿಂತ ಗಾಳಿ ಶಾಖವನ್ನು ಕೆಳಗಿಳಿಯಗೊಡುವುದಿಲ್ಲ, ಬಿಸಿಗಾಳಿ ಸಂದುಗಳಿಂದ ಮೇಲೆ ಹೋಗುತ್ತದೆ. ಬಳ್ಳಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಭಾಗದಲ್ಲಿದೆ. ಅದರಲ್ಲಿ ಹೆಚ್ಚಿನದನ್ನು ಎಲೆ ಹೀರುವುದೇ ಇಲ್ಲ, ಕೆಲವನ್ನು ಮೇಲಕ್ಕೆ ಹಿಮ್ಮರಳಿಸಿ ಕೆಲವನ್ನು ಕೆಳಗೆ ಬಿಡುತ್ತದೆ. ಹೀರಿದ್ದನ್ನು ನೀರು ಆವಿಮಾಡಲು ಖರ್ಚು ಮಾಡುತ್ತದೆ. ಬೇಸಗೆಯಲ್ಲಿ ನೀರಿನ ಕೊರತೆಯಿಲ್ಲದ, ಎಲೆ ತುಂಬಿದ ಬಳ್ಳಿಚಪ್ಪರ ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಉಸಿರಾಡಿದರೆ ಹತ್ತಡಿ ಚಪ್ಪರದ ಲೆಕ್ಕದಲ್ಲಿ ಅದು ನಲವತ್ತು ಲೀಟರಿನಷ್ಟು. ಒಂದು ಲೀಟರ್ ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಒಟ್ಟು ಲೆಕ್ಕ ಹಾಕಿದರೆ ಆ ಚಪ್ಪರದ ಮೇಲೆ ದಿನವಿಡೀ ಬಿದ್ದ ಬಿಸಿಲಿನ ಹೆಚ್ಚುಕಡಿಮೆ ಅರ್ಧ! ಕರಾವಳಿಯ ತೇವದ ಗಾಳಿಯಲ್ಲಿ ಈ ಕೆಲಸ ನಿಧಾನ, ಕಡೂರಿನ ಒಣಗಾಳಿಯಲ್ಲಿ ಚುರುಕು.

ಕೊಳವೆಬಾವಿ ಬತ್ತುವ ಸೀಮೆಯಲ್ಲಿ ದಿನಕ್ಕೆ ನಲವತ್ತು ಲೀಟರ್ ನೀರು ಎಲ್ಲಿಂದ ತರುವುದು? ಬಚ್ಚಲಿನಿಂದ. ಇಬ್ಬರು ಮೂವರು ಸ್ನಾನ ಮಾಡಿದರೆ ಅಷ್ಟು ನೀರು ಹರಿದುಹೋಗುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲ ತೂಬಿನ ಬಾಯಲ್ಲಿ ಬಾಳೆ, ಬಸಳೆ, ತೊಂಡೆ ಇರುತ್ತಿದ್ದವು. ಈಗ ಆ ನೀರು ಪೈಪಿನಲ್ಲಿ ಕಾಣದಂತೆ ಹೋಗುತ್ತಿರುವುದು ನನಗೆ ಸಂಕಟದ ವಿಷಯ. ಹೊಸ ಮನೆ ಕಟ್ಟುವವರು ಸ್ನಾನದ ನೀರಿಗಷ್ಟೇ ಬೇರೆ ಪೈಪು ಹಾಕಿಸಿ ಚಪ್ಪರದ ಬುಡಕ್ಕೆ ಬಿಡಬಹುದು, ಸೋಪಿನ ನೊರೆ ಹೆಚ್ಚಿದ್ದರೆ ಮರಳು ತುಂಬಿದ ಗುಂಡಿಯ ಮೂಲಕ.

ಬಳ್ಳಿಯ ಆಯ್ಕೆಯಲ್ಲಿ ನೋಡಬೇಕಾದ್ದು ಒಂದೇ, ಏಪ್ರಿಲ್‌ನಲ್ಲಿ ಅದರ ಮೈತುಂಬ ಎಲೆ ಇರುತ್ತದೆಯೇ ಎಂದು. ಯುರೋಪಿನ ಪರ್ಗೋಲಾಕ್ಕೆ ದ್ರಾಕ್ಷಿ ಹೊಂದುತ್ತದೆ, ಚಳಿಗಾಲದಲ್ಲಿ ಎಲೆ ಉದುರಿಸಿ ಬೇಕಾದ ಬಿಸಿಲನ್ನು ಒಳಗೆ ಬಿಡುತ್ತದೆ. ನಮ್ಮಲ್ಲಿ ದ್ರಾಕ್ಷಿಯ ಮೊದಲ ಚಾಟ್ನಿ, ಅಂದರೆ ಕಡ್ಡಿ ಸವರುವುದು, ಬೀಳುವುದೇ ಬೇಸಗೆಯಲ್ಲಿ, ನೆರಳು ಬೇಕಾದ ತಿಂಗಳಲ್ಲೇ ಅದು ಬೋಳಾಗಿರುತ್ತದೆ. ಚಪ್ಪರದವರೆ ರಾತ್ರಿ ಉದ್ದವಾದಾಗ ಹೂಬಿಡುವ ಗಿಡ, ಮಾಗಿಯಲ್ಲಿ ಕಾಯಿ ಕೊಟ್ಟು ಬೇಸಗೆಗೆ ಸೊರಗುತ್ತದೆ. ಸೋರೆ, ಹೀರೆಗಳನ್ನು ಜನವರಿಯಲ್ಲಿ ಊರಿದರೆ ಮಾರ್ಚ್ ಹೊತ್ತಿಗೆ ಮೇಲೆ ಹಬ್ಬಿರುತ್ತವೆ. ಸೋರೆಯ ಎಲೆ ಅಗಲ, ಕಾಯಿ ಮಾತ್ರ ಭಾರ. ತೊಂಡೆ ಕಡ್ಡಿಯಿಂದ ಬೆಳೆದು ವರ್ಷಗಟ್ಟಲೆ ಉಳಿಯುತ್ತದೆ, ಚಳಿಗಾಲದಲ್ಲಿ ಸವರಿಕೊಂಡರೆ ಬೇಸಗೆಗೆ ಚಿಗುರಿ ನಿಲ್ಲುತ್ತದೆ. ಮಳೆ ಹೆಚ್ಚಿರುವ ಲಕ್ಕವಳ್ಳಿ ಕಡೆಯವರು ಪ್ಯಾಷನ್ ಫ್ರೂಟ್ ಹಬ್ಬಿಸಬಹುದು, ಅದು ಎಲೆ ಉದುರಿಸುವುದಿಲ್ಲ. ನನ್ನನ್ನು ಕೇಳಿದರೆ ಕಡೂರಿಗೆ ತೊಂಡೆ, ಮೊದಲ ವರ್ಷ ಅದು ಹಬ್ಬುವವರೆಗೆ ಜೊತೆಗೊಂದು ಸೋರೆ.

ಉಳಿದದ್ದು ಗಾಳಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನೊಂದಿಗೆ ಬರುವ ಗಾಳಿ ಚಪ್ಪರಗಳ ನಿಜವಾದ ಪರೀಕ್ಷೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 24 ಕಿಲೋ ಭಾರದಷ್ಟು ಒತ್ತಡ ಹಾಕಬಲ್ಲದು. ಹತ್ತಡಿ ಚಪ್ಪರದ ಮೇಲೆ ಅರೆ ಮಿಲಿಮೀಟರ್ ದಪ್ಪದ ಶೀಟು ಹಾಕಿದ್ದರೆ ಶೀಟಿನ ತೂಕ ನಲವತ್ತು ಕಿಲೋ ಆಸುಪಾಸು, ಗಾಳಿ ಅದನ್ನು ಎತ್ತುವ ಬಲ ಇನ್ನೂರಕ್ಕೂ ಮೇಲೆ ಹೋಗಬಹುದು. ಶೀಟು ಹಾರುವುದರಲ್ಲಿ ಆಶ್ಚರ್ಯವಿಲ್ಲ, ಹಾರಿದ ಶೀಟು ಜೀವ ತೆಗೆಯಬಲ್ಲದು. ಗರಿಯೂ ಬಳ್ಳಿಯೂ ಗಾಳಿಯನ್ನು ತಮ್ಮೊಳಗೆ ಹಾಯಗೊಟ್ಟು ಆ ಒತ್ತಡವನ್ನು ತಗ್ಗಿಸುತ್ತವೆ. ಕಂಬಗಳ ಮೇಲಿನ ಹಗ್ಗದ ಕಟ್ಟು ಬಾಗಿಲ ಕೀಲಿನಂತೆ ಆಡುವುದರಿಂದ ಚೌಕದ ಚೌಕಟ್ಟು ಓರೆಯಾಗಲು ಹೊತ್ತು ಬೇಡ. ಪ್ರತಿ ಮೂಲೆಗೂ ಕಂಬದಿಂದ ಗಳುವಿಗೆ ಒಂದು ಓರೆಗೋಲು ಬಿಗಿದರೆ ಅಲ್ಲಿ ತ್ರಿಕೋನ ಹುಟ್ಟುತ್ತದೆ, ತ್ರಿಕೋನ ತನ್ನ ಬದಿಗಳು ಮುರಿಯದ ಹೊರತು ಆಕಾರ ಬದಲಿಸದು.

ಕಂಬ ಎರಡಡಿಯಾದರೂ ನೆಲದೊಳಗಿರಬೇಕು. ಕೆಂಪು ಮಣ್ಣಿನಲ್ಲಿ ಗುದ್ದಿ ತುಂಬಿದರೆ ಸಾಕು. ಎರೆ ಮಣ್ಣಿದ್ದರೆ ಅದು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ, ನೆರಳು ಬೇಕಾದ ಹೊತ್ತಿಗೇ ಕಂಬ ಸಡಿಲಾಗುತ್ತದೆ. ಅಲ್ಲಿ ಗುಂಡಿಯನ್ನು ಅಗಲಕ್ಕೆ ತೋಡಿ, ತೆಗೆದ ಎರೆಯನ್ನು ಬೇರೆಡೆ ಹಾಕಿ, ಜಲ್ಲಿ, ಗರಸು ತುಂಬಬೇಕು. ಬೇಲಿಗೆ ನೆಡುವ ಕಲ್ಲುಕಂಬ ಗೆದ್ದಲಿಗೆ ಅಂಜದು, ಭಾರವನ್ನೂ ಸಲೀಸಾಗಿ ಹೊರುತ್ತದೆ. ಅಡ್ಡ ಜಗ್ಗಿದರೆ ಮಾತ್ರ ಮುರಿಯುತ್ತದೆ, ಕಲ್ಲಿನ ಎಳೆತದ ಬಲ ಅದುಮು ಬಲದ ಹತ್ತರಲ್ಲೊಂದೂ ಇಲ್ಲ. ಆದ್ದರಿಂದ ಕಲ್ಲುಕಂಬಕ್ಕೆ ತಂತಿ ಬಿಗಿಯುವಾಗ ಎದುರು ದಿಕ್ಕಿನಲ್ಲಿ ಜಗ್ಗುತಂತಿ ಕೊಡಲೇಬೇಕು.

ಬಿದಿರು ತರುವವರು ಎಳೆ ಬಿದಿರನ್ನು ಬಿಟ್ಟು ಮೂರು ವರ್ಷ ದಾಟಿದ್ದನ್ನು, ಮಳೆಗಾಲ ಕಳೆದ ಮೇಲೆ ಕಡಿಸಿಕೊಳ್ಳಲಿ. ಬಿದಿರನ್ನು ಪುಡಿಮಾಡುವ ಕುಟ್ಟೆಹುಳುವಿಗೆ ಬೇಕಾದ್ದು ಅದರೊಳಗಿನ ಪಿಷ್ಟ. ಕಡಿದ ಬಿದಿರನ್ನು ಕೆರೆಯಲ್ಲೋ ತೊಟ್ಟಿಯಲ್ಲೋ ಕೆಲವು ವಾರ ಮುಳುಗಿಸಿಟ್ಟರೆ ಪಿಷ್ಟ, ಸಕ್ಕರೆಗಳು ಕರಗಿ ಹುಳಿತು ಹೊರಹೋಗುತ್ತವೆ. ನೀರು ನಾರುತ್ತದೆ, ನಾರಲಿ. ತೆಗೆದು ನೆರಳಿನಲ್ಲಿ ಒಣಗಿಸಿ, ಮಣ್ಣಿಗೆ ಹೋಗುವ ಬುಡಕ್ಕೆ ಡಾಂಬರು ಬಳಿದು ನೆಡಬೇಕು. ಗರಿಗಳನ್ನು ಪ್ರತಿ ವರ್ಷ ಫೆಬ್ರವರಿಯಲ್ಲಿ ಹೊಸದು ಹಾಕಿ, ಜೂನ್ ಮೊದಲ ವಾರ ಮಳೆ ಹಿಡಿಯುವ ಮುನ್ನ ಇಳಿಸಿಬಿಡುವುದು ಒಳ್ಳೆಯದು. ನೆನೆದ ಗರಿಯ ಭಾರಕ್ಕೆ ದಬ್ಬೆ ಜೋಲುತ್ತದೆ, ಇಳಿಸಿದ ಗರಿ ಒಣಗಿದ್ದರೆ ಬಚ್ಚಲೊಲೆಗಾಗುತ್ತದೆ. ತೊಂಡೆಬಳ್ಳಿ ಅಲ್ಲೇ ಇರಲಿ.